ಒಳಗೆ ಸಿಕ್ಕಿಬಿದ್ದ ಗಾಳಿ

ಊಟಿಯ ಅಂಗಡಿಗಳಲ್ಲಿ ಮಾಲೆ ಕಟ್ಟಿದ ಹಾಗೆ ಚಿಪ್ಸ್ ಪ್ಯಾಕೆಟ್ ನೇತುಹಾಕಿರುತ್ತಾರೆ, ನೋಡಿದ್ದೀರಲ್ಲ? ಒಂದೊಂದೂ ಈಗಷ್ಟೇ ಹತ್ತಿ ತುಂಬಿದ ದಿಂಬಿನ ಹಾಗೆ ಬಿಗಿದುಕೊಂಡಿರುತ್ತದೆ. ಅದೇ ಚಿಪ್ಸನ್ನು ಮೈಸೂರಿನಲ್ಲಿ ಕೊಂಡರೆ ಪ್ಯಾಕೆಟ್ಟು ಕೈಗೆ ಮೆತ್ತಗೆ ಸಿಗುತ್ತದೆ. ಊಟಿಯವರು ಬರೀ ಗಾಳಿ ತುಂಬಿ ಮಾರುತ್ತಾರೆ ಅಂತ ಚಿಕ್ಕಂದಿನಲ್ಲಿ ನಾನು ನಂಬಿದ್ದೆ. ಪಾಪ, ಅವರ ತಪ್ಪೇನೂ ಇಲ್ಲ. ಕೆಳಗಿನ ಬಯಲಿನಲ್ಲಿ ಯಾವುದೋ ಕಾರ್ಖಾನೆಯಲ್ಲಿ ಮುಚ್ಚಿದ ಗಾಳಿಯೇ ಅದು, ಒಂದು ಚಮಚೆಯಷ್ಟೂ ಹೆಚ್ಚಿಲ್ಲ. ಮೇಲೇರಿದಂತೆ ಹೊರಗಿನ ಗಾಳಿಯ ಒತ್ತಡ ಕಡಿಮೆಯಾಯಿತು, ಒಳಗಿನದು ಮೈ ಚಾಚಿತು, ಅಷ್ಟೆ. ರಾಬರ್ಟ್ ಬಾಯ್ಲ್ ಎಂಬಾತ 1662ರಲ್ಲೇ ಇದರ ಲೆಕ್ಕ ಬರೆದಿಟ್ಟ. ಒತ್ತಡ ಇಳಿದಷ್ಟೂ ಗಾತ್ರ ಹಿಗ್ಗುತ್ತದೆ.

ಇದೇ ಲೆಕ್ಕ 2009ರಲ್ಲಿ ಅಮೆರಿಕದ ಒಬ್ಬ ಬಾಸ್ಕೆಟ್‌ಬಾಲ್ ಆಟಗಾರನನ್ನು ವಿಮಾನ ಹತ್ತಲು ಬಿಡದೆ, ದೇಶದ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಬಸ್ಸಿನಲ್ಲಿ ಕಳಿಸಿತು.

ಆತನ ಹೆಸರು ಜೆರಾಲ್ಡ್ ವಾಲೇಸ್. ಆರು ಅಡಿ ಏಳಂಗುಲದ ಆಳು, ಷಾರ್ಲಟ್ ಬಾಬ್‌ಕ್ಯಾಟ್ಸ್ ತಂಡದವನು. ಚೆಂಡಿಗಾಗಿ ಯಾರ ಮೇಲಾದರೂ ಬಿದ್ದು, ಗೋಡೆಗಾದರೂ ಗುದ್ದಿಕೊಂಡು ಆಡುತ್ತಿದ್ದ. ಅದಕ್ಕೇ ಜನ ಇಟ್ಟ ಅಡ್ಡಹೆಸರು 'ಕ್ರ್ಯಾಶ್'. ಜನವರಿ 27ರ ರಾತ್ರಿ ಲಾಸ್ ಏಂಜಲೀಸ್‌ನಲ್ಲಿ ಲೇಕರ್ಸ್ ವಿರುದ್ಧ ಪಂದ್ಯ. ಬುಟ್ಟಿಯತ್ತ ನುಗ್ಗಿ ನೆಗೆದ ವಾಲೇಸ್‌ನ ಪಕ್ಕೆಗೆ ಏಳಡಿ ಎತ್ತರದ ಆಂಡ್ರ್ಯೂ ಬೈನಮ್‌ನ ಮೊಣಕೈ ಬಡಿಯಿತು. ಬೈನಮ್‌ನನ್ನು ರೆಫರಿಗಳು ಹೊರಗೆ ಕಳಿಸಿದರು. ಎರಡು ಸಲ ಹೆಚ್ಚುವರಿ ಅವಧಿಗೆ ಎಳೆದ ಆ ಪಂದ್ಯವನ್ನು ಬಾಬ್‌ಕ್ಯಾಟ್ಸ್ ಗೆದ್ದಿತು. ಗೆದ್ದವರು ವಿಮಾನ ಹತ್ತಿದರು. ವಾಲೇಸ್ ಆಸ್ಪತ್ರೆಯಲ್ಲಿ ಉಳಿದ. ಒಂದು ಪಕ್ಕೆಲುಬು ಮುರಿದಿತ್ತು, ಒಂದು ಶ್ವಾಸಕೋಶ ಅರೆಬರೆ ಕುಸಿದಿತ್ತು.

ಮನೆ ಇದ್ದದ್ದು ಷಾರ್ಲಟ್‌ನಲ್ಲಿ, ಅಟ್ಲಾಂಟಿಕ್ ಕಡೆಗೆ. ವಿಮಾನದಲ್ಲಾದರೆ ನಾಲ್ಕೂವರೆ ಗಂಟೆ. ರಸ್ತೆಯಲ್ಲಾದರೆ ಸುಮಾರು 3,900 ಕಿಲೋಮೀಟರ್. ಹೆಚ್ಚುಕಡಿಮೆ ನಮ್ಮ ಶ್ರೀನಗರದಿಂದ ಕನ್ಯಾಕುಮಾರಿಯ ಹೆದ್ದಾರಿಯಷ್ಟೇ ಉದ್ದ. ಎಲ್ಲೂ ನಿಲ್ಲಿಸದೆ ಓಡಿಸಿದರೂ ಒಂದೂವರೆ ದಿನದ ದಾರಿ. ಉಸಿರೆಳೆದರೆ ಪಕ್ಕೆ ಚುಚ್ಚುವ ಮನುಷ್ಯನನ್ನು ಅಂಥ ದಾರಿಗೆ ಹಾಕುವುದು ಮೇಲ್ನೋಟಕ್ಕೆ ಕ್ರೌರ್ಯವೇ. ವಿಮಾನ ಬೇಡ ಎಂದು ವೈದ್ಯರು ಯಾಕೆ ಹೇಳಿದರು?

ಮುರಿದ ಮೂಳೆಯ ದೆಸೆಯಿಂದ ಅಲ್ಲ. ಮೂಳೆ ಮುರಿದವರು ದಿನಾ ವಿಮಾನದಲ್ಲಿ ಓಡಾಡುತ್ತಾರೆ. ನಮ್ಮ ಅನಿಲ್ ಕುಂಬ್ಳೆಯವರದೇ ನೆನಪು ಮಾಡಿಕೊಳ್ಳಿ. 2002ರ ಮೇ ತಿಂಗಳು, ಆಂಟಿಗಾ. ಮರ್ವಿನ್ ಡಿಲನ್ ಎಸೆದ ಚೆಂಡು ಬಡಿದು ದವಡೆ ಮುರಿದಿತ್ತು. ತಲೆಯಿಂದ ಗದ್ದದವರೆಗೆ ಪಟ್ಟಿ ಸುತ್ತಿಕೊಂಡು ಬಂದು 14 ಓವರ್ ಎಸೆದರು, ಬ್ರಯಾನ್ ಲಾರಾ ಅವರನ್ನು ಎಲ್‌ಬಿಡಬ್ಲ್ಯು ಮಾಡಿದರು, ಆಮೇಲೆ ಶಸ್ತ್ರಚಿಕಿತ್ಸೆಗೆಂದು ಬೆಂಗಳೂರಿನ ವಿಮಾನ ಹಿಡಿದರು. ಮೂಳೆಗೆ ಎತ್ತರದ ಗೊಡವೆ ಇಲ್ಲ, ಆಕಾಶದಲ್ಲೂ ಅದು ಅಷ್ಟೇ ಮುರಿದಿರುತ್ತದೆ. ಹಾಗಂತ ದವಡೆ ಗಾಯಕ್ಕೆ ನಿಯಮವೇ ಇಲ್ಲ ಅಂತಲ್ಲ. ದವಡೆಗಳನ್ನು ತಂತಿಯಿಂದ ಕಟ್ಟಿಸಿಕೊಂಡವರ ಜೊತೆ ಆ ತಂತಿ ಕತ್ತರಿಸುವ ಕಟ್ಟರ್ ಹಿಡಿದವರೊಬ್ಬರು ಇರಬೇಕು ಎನ್ನುತ್ತಾರೆ ವಾಯುಯಾನದ ವೈದ್ಯರು. ನಡುದಾರಿಯಲ್ಲಿ ವಾಂತಿ ಬಂದರೆ ಬಾಯಿ ತೆರೆಯಬೇಕಲ್ಲ!

ವಾಲೇಸ್‌ನ ಕಷ್ಟ ಬೇರೆ. ಅವನ ಎದೆಯೊಳಗೆ, ಇರಬಾರದ ಜಾಗದಲ್ಲಿ, ಗಾಳಿ ಸೇರಿಕೊಂಡಿತ್ತು.

ನಮ್ಮ ಶ್ವಾಸಕೋಶ ಎದೆಗೂಡಿಗೆ ಅಂಟಿಕೊಂಡೇ ಇರುತ್ತದೆ. ನಡುವೆ ಎರಡು ತೆಳುವಾದ ಪೊರೆ, ಆ ಪೊರೆಗಳ ನಡುವೆ ಸ್ವಲ್ಪವೇ ದ್ರವ. ಎರಡು ಗಾಜಿನ ಹಾಳೆಗಳ ನಡುವೆ ಒಂದು ಹನಿ ನೀರು ಬಿಟ್ಟು ಒತ್ತಿ ನೋಡಿ. ಒಂದರ ಮೇಲೊಂದು ಜಾರುತ್ತವೆ, ಆದರೆ ಎಳೆದರೆ ಬಿಡವು. ಹಾಗೇ ಇದು. ಎದೆಗೂಡು ಅಗಲವಾದರೆ ಶ್ವಾಸಕೋಶವೂ ಅದರ ಹಿಂದೆಯೇ ಹಿಗ್ಗುತ್ತದೆ, ಉಸಿರು ಒಳಬರುತ್ತದೆ. ಮುರಿದ ಪಕ್ಕೆಲುಬಿನ ಮೊನೆ ಶ್ವಾಸಕೋಶಕ್ಕೆ ತಾಗಿ ಸಣ್ಣ ತೂತಾದರೆ ಗಾಳಿ ಈ ಪೊರೆಗಳ ನಡುವೆ ನುಸುಳುತ್ತದೆ. ಅಂಟು ಬಿಡುತ್ತದೆ. ಶ್ವಾಸಕೋಶ ಗಾಳಿ ಬಿಟ್ಟ ಬಲೂನಿನಂತೆ ಮುದುಡಿಕೊಳ್ಳುತ್ತದೆ. ವೈದ್ಯರು ಇದನ್ನು ನ್ಯೂಮೋಥೊರಾಕ್ಸ್ ಎನ್ನುತ್ತಾರೆ. ಹೊರಹೋಗಲು ದಾರಿಯಿಲ್ಲದ ಆ ಗಾಳಿ ಚಿಪ್ಸ್ ಪ್ಯಾಕೆಟ್ಟಿನ ಗಾಳಿಯೇ ಅನ್ನಿ.

ವಿಮಾನದೊಳಗೆ ನೆಲದ ಮೇಲಿನಷ್ಟೇ ಒತ್ತಡ ಇರುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಇರುವುದಿಲ್ಲ. ಹಾಗೆ ಇಡಬೇಕಾದರೆ ವಿಮಾನದ ಮೈ ಇನ್ನೂ ದಪ್ಪವಾಗಬೇಕು, ಭಾರವಾಗಬೇಕು. ಅದಕ್ಕೆ ಒಂದು ರಾಜಿ ಮಾಡಿಕೊಂಡಿದ್ದಾರೆ. ವಿಮಾನ 35,000 ಅಡಿಯಲ್ಲಿ ಹಾರುತ್ತಿದ್ದರೂ ಒಳಗಿನ ಒತ್ತಡ 8,000 ಅಡಿ ಎತ್ತರದ ಬೆಟ್ಟದ ಮೇಲಿನದಕ್ಕಿಂತ ಕಡಿಮೆಯಾಗಬಾರದು ಎಂಬುದು ನಿಯಮ. ಬೋಯಿಂಗ್ 787ರಂಥ ಹೊಸ ವಿಮಾನಗಳಲ್ಲಿ ಇದು 6,000 ಅಡಿಗೆ ಇಳಿದಿದೆ. ಊಟಿ ಇರುವುದು ಏಳು ಸಾವಿರದ ಮುನ್ನೂರು ಚಿಲ್ಲರೆ ಅಡಿ ಎತ್ತರದಲ್ಲಿ. ಅಂದರೆ ನೀವು ವಿಮಾನ ಹತ್ತಿ ಕೂತಾಗಲೆಲ್ಲ, ಟಿಕೆಟ್ಟಿನಲ್ಲಿ ಬರೆದಿರಲಿ ಬಿಡಲಿ, ಊಟಿಗೆ ಹೋಗಿಬಂದಿರುತ್ತೀರಿ. ಅದೂ ಅರ್ಧ ಗಂಟೆಯೊಳಗೆ.

ಸಮುದ್ರಮಟ್ಟದಿಂದ 8,000 ಅಡಿಗೆ ಏರಿದರೆ ಸಿಕ್ಕಿಬಿದ್ದ ಗಾಳಿ ಸುಮಾರು ಮೂರನೇ ಒಂದು ಭಾಗದಷ್ಟು ಹಿಗ್ಗುತ್ತದೆ. ಬೆಂಗಳೂರಿನಿಂದ ಹೊರಟವರಿಗೆ ಅಷ್ಟಿಲ್ಲ, ನಾವು ಮೊದಲೇ ಮೂರು ಸಾವಿರ ಅಡಿ ಮೇಲಿದ್ದೇವೆ. ಲಾಸ್ ಏಂಜಲೀಸ್ ಮಾತ್ರ ಕಡಲ ದಂಡೆಯ ಊರು. ಆರೋಗ್ಯವಂತರಿಗೆ ಈ ಹಿಗ್ಗುವಿಕೆ ಕಿವಿ ಗಡಚಿಕ್ಕುವುದರಲ್ಲಿ, ಹೊಟ್ಟೆ ಉಬ್ಬರದಲ್ಲಿ ಮುಗಿಯುತ್ತದೆ. ಎದೆಯೊಳಗೆ ಗಾಳಿ ಕಟ್ಟಿದವನಿಗೆ ಅದು ಉಳಿದ ಶ್ವಾಸಕೋಶವನ್ನೂ ಅಮುಕುತ್ತದೆ. ಹೆಚ್ಚಾದರೆ ಹೃದಯವನ್ನೇ ಪಕ್ಕಕ್ಕೆ ತಳ್ಳುತ್ತದೆ.

ಅಂಥದ್ದು ನಡೆದೂ ಇದೆ. 1995ರ ಮೇ ತಿಂಗಳಲ್ಲಿ ಹಾಂಗ್‌ಕಾಂಗ್‌ನಿಂದ ಲಂಡನ್ನಿಗೆ ಹೊರಟ ಜಂಬೋ ವಿಮಾನ. ನಿಲ್ದಾಣಕ್ಕೆ ಬರುವ ದಾರಿಯಲ್ಲಿ ಮೋಟಾರ್‌ಬೈಕಿನಿಂದ ಬಿದ್ದಿದ್ದ ಮಹಿಳೆಯೊಬ್ಬರು ಅದರಲ್ಲಿದ್ದರು. ಕೈ ನೋವು ಎಂದರು. ವಿಮಾನದಲ್ಲಿದ್ದ ಇಬ್ಬರು ವೈದ್ಯರು ಕೈಗೆ ಪಟ್ಟಿ ಕಟ್ಟಿದರು. ವಿಮಾನ ಮೇಲೇರಿದ ಮೇಲೆ ಎದೆನೋವು, ಏದುಸಿರು. ಪಕ್ಕೆಲುಬೂ ಮುರಿದು ಎದೆಯಲ್ಲಿ ಗಾಳಿ ತುಂಬಿಕೊಂಡಿತ್ತು, ಅದೀಗ ಹಿಗ್ಗುತ್ತಿತ್ತು. ಆ ವೈದ್ಯರಲ್ಲಿ ಒಬ್ಬರು ನಾಟಿಂಗ್‌ಹ್ಯಾಮ್‌ನ ಮೂಳೆ ತಜ್ಞ ಆಂಗಸ್ ವಾಲೇಸ್. ಹೌದು, ಇವರೂ ವಾಲೇಸೇ, ಆದರೆ ನಮ್ಮ ಆಟಗಾರನಿಗೆ ಸಂಬಂಧವಿಲ್ಲ. ವಿಮಾನದ ವೈದ್ಯಕೀಯ ಪೆಟ್ಟಿಗೆಯಲ್ಲಿ ಮೂತ್ರ ತೆಗೆಯುವ ಮೆತ್ತನೆಯ ಕೊಳವೆ ಸಿಕ್ಕಿತು. ಅದು ಎದೆಯೊಳಗೆ ನೆಟ್ಟಗೆ ಹೋಗದು. ಕೋಟು ನೇತುಹಾಕುವ ತಂತಿಯ ಹ್ಯಾಂಗರ್ ಬಿಚ್ಚಿ ನೇರ ಮಾಡಿ ಕೊಳವೆಯೊಳಗೆ ತೂರಿಸಿದರು. ಸೋಂಕು ತಗಲದಿರಲಿ ಎಂದು ಬ್ರಾಂಡಿಯಲ್ಲಿ ತೊಳೆದರು. ಎದೆಗೆ ಚಿಕ್ಕ ಗಾಯ ಮಾಡಿ ಕೊಳವೆ ಇಳಿಸಿ, ಅದರ ಹೊರತುದಿಯನ್ನು ಕುಡಿಯುವ ನೀರಿನ ಬಾಟಲಿಯೊಳಗೆ ಮುಳುಗಿಸಿದರು. ಗಾಳಿ ಗುಳ್ಳೆ ಗುಳ್ಳೆಯಾಗಿ ನೀರಿಗೆ ಬಂತು, ಮತ್ತೆ ಒಳಗೆ ಹೋಗಲು ನೀರು ಬಿಡಲಿಲ್ಲ. ಆಕೆ ಬದುಕಿ ಲಂಡನ್ ತಲುಪಿದರು.

ಆ ಬಾಟಲಿಯ ಉಪಾಯ ಆಂಗಸ್ ವಾಲೇಸರ ಕಲ್ಪನೆಯೇನಲ್ಲ. ನಮ್ಮ ಜಿಲ್ಲಾಸ್ಪತ್ರೆಗಳ ವಾರ್ಡಿನಲ್ಲೂ ಮಂಚದ ಕೆಳಗೆ ಇಂಥ ಬಾಟಲಿ ಇಟ್ಟಿರುತ್ತಾರೆ. ರೋಗಿ ಕೆಮ್ಮಿದಾಗ ಅದು ಬುಳಬುಳ ಅನ್ನುತ್ತದೆ. ಕಾಲು ತಾಗಿ ಉರುಳಿಸಬೇಡಿ ಅಂತ ನರ್ಸಮ್ಮ ಬಂದವರನ್ನೆಲ್ಲ ಗದರುವುದು ಈ ಬಾಟಲಿಗಾಗಿಯೇ.

ಹೀಗಾಗಿ ಶ್ವಾಸಕೋಶ ಪೂರ್ತಿ ಹಿಗ್ಗಿದೆ ಅಂತ ಎಕ್ಸ್‌ರೇಯಲ್ಲಿ ಕಾಣುವವರೆಗೆ ವಿಮಾನ ಬೇಡ. ಕಂಡ ಮೇಲೂ ತಕ್ಷಣ ಬೇಡ. ಗಾಯದಿಂದಾದ ನ್ಯೂಮೋಥೊರಾಕ್ಸ್ ಆದರೆ ಇನ್ನೆರಡು ವಾರ ಕಾಯಿರಿ ಎಂದಿತ್ತು 2011ರಲ್ಲಿ ಬ್ರಿಟಿಷ್ ಥೊರಾಸಿಕ್ ಸೊಸೈಟಿ. ರೆಟಿನಾ ಶಸ್ತ್ರಚಿಕಿತ್ಸೆಯಲ್ಲಿ ಕಣ್ಣೊಳಗೆ ಅನಿಲದ ಗುಳ್ಳೆ ಬಿಟ್ಟಿರುತ್ತಾರಲ್ಲ, ಅದು ಕರಗುವವರೆಗೆ ಅವರಿಗೂ ವಿಮಾನ ಇಲ್ಲ, ಬೆಟ್ಟದ ಪ್ರವಾಸವೂ ಇಲ್ಲ. ಮುರಿದ ಕಾಲಿಗೆ ಹೊಸದಾಗಿ ಹಾಕಿದ ಪ್ಲಾಸ್ಟರ್ ಕೂಡ ಮೊದಲ ಒಂದೆರಡು ದಿನ ಅನುಮಾನದ್ದೇ. ಒಳಗೆ ಗಾಳಿ ಉಳಿದಿರಬಹುದು, ಕಾಲೂ ಊದಿಕೊಳ್ಳುತ್ತಿರುತ್ತದೆ. ಅದಕ್ಕೇ ಪ್ಲಾಸ್ಟರನ್ನು ಉದ್ದಕ್ಕೆ ಸೀಳಿ ಕಳಿಸುತ್ತಾರೆ.

ಬೆಟ್ಟ ಅಂದೆನಲ್ಲ, ಅಲ್ಲೇ ಒಂದು ಸೂಕ್ಷ್ಮವಿದೆ. ರಸ್ತೆ ಅಂದರೆ ನೆಲ, ನೆಲ ಅಂದರೆ ಕ್ಷೇಮ ಅಂತ ಅಂದುಕೊಳ್ಳುತ್ತೇವೆ. ಲಾಸ್ ಏಂಜಲೀಸ್ ಕಡೆಯಿಂದ ಪೂರ್ವಕ್ಕೆ ಹೋಗುವ 40ನೇ ಅಂತರರಾಜ್ಯ ಹೆದ್ದಾರಿ ಅರಿಜೋನಾದ ಫ್ಲ್ಯಾಗ್‌ಸ್ಟಾಫ್ ಹತ್ತಿರ 7,300 ಅಡಿ ದಾಟುತ್ತದೆ. ಅದೂ ಊಟಿಯೇ ಆಯಿತಲ್ಲ! ಅಷ್ಟಕ್ಕೆ ವಿಮಾನವೇ ಆಗುತ್ತಿತ್ತು. ದಕ್ಷಿಣಕ್ಕೆ ಸರಿದು 10ನೇ ಹೆದ್ದಾರಿ ಹಿಡಿದರೆ 5,000 ಅಡಿಯ ಆಸುಪಾಸಿನಲ್ಲೇ ಪರ್ವತಗಳನ್ನು ದಾಟಿಬಿಡಬಹುದು. ಆದ್ದರಿಂದ ಇಂಥ ರೋಗಿಗೆ ದಾರಿ ಗುರುತು ಮಾಡುವಾಗ ದೂರಕ್ಕಿಂತ ಮೊದಲು ಎತ್ತರ ನೋಡಬೇಕು.

ನಮ್ಮಲ್ಲೂ ಅಷ್ಟೇ. ಮಂಗಳೂರಿನಲ್ಲಿ ಕಬಡ್ಡಿ ಆಡುತ್ತ ಪಕ್ಕೆ ಮುರಿದುಕೊಂಡ ಹುಡುಗನನ್ನು ಬೆಂಗಳೂರಿಗೆ ಕರೆತರಬೇಕೆನ್ನಿ. ಶಿರಾಡಿಯೋ ಚಾರ್ಮಾಡಿಯೋ, ಘಟ್ಟ ಹತ್ತದೆ ಬರುವ ದಾರಿ ಇಲ್ಲ. ರೈಲಿನಲ್ಲಿ ಬಂದರೂ ಸಕಲೇಶಪುರಕ್ಕೆ ಏರಲೇಬೇಕು. ಅಷ್ಟು ಏರಿದರೆ ಸಿಕ್ಕಿಬಿದ್ದ ಗಾಳಿ ನೂರಕ್ಕೆ ಹತ್ತು ಹನ್ನೆರಡು ಪಾಲು ಹಿಗ್ಗುತ್ತದೆ. ಅದಕ್ಕೇ ಎದೆಗೆ ಕೊಳವೆ ಹಾಕಿಸುವುದಿದ್ದರೆ ಘಟ್ಟದ ಕೆಳಗೇ ಹಾಕಿಸಬೇಕು, ಮೇಲೆ ಹೋದ ಮೇಲೆ ನೋಡೋಣ ಅನ್ನಬಾರದು.

ಮತ್ತೆ ರಸ್ತೆಯ ಹೆಚ್ಚುಗಾರಿಕೆ ಏನು? ನಿಲ್ಲಿಸಬಹುದು. ಉಸಿರು ಸಿಕ್ಕಿಕೊಂಡರೆ ಮುಂದಿನ ಊರಿನ ಆಸ್ಪತ್ರೆಗೆ ತಿರುಗಿಸಬಹುದು, ಬೆಟ್ಟ ಇಳಿದುಬಿಡಬಹುದು. ಏರುವುದೂ ನಿಧಾನ. ವಿಮಾನದಲ್ಲಿ ಹ್ಯಾಂಗರು, ಬ್ರಾಂಡಿ ಹುಡುಕಬೇಕು.

ರಸ್ತೆಗೆ ಅದರದೇ ಸುಂಕವೂ ಉಂಟು. ಬಹಳ ಹೊತ್ತು ಒಂದೇ ಕಡೆ ಕೂತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಇದು ವಿಮಾನದವರ ಕಾಯಿಲೆ ಅಂತ ಹೆಸರು ಕೆಟ್ಟಿದೆ. ಆದರೆ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿದ್ದು ಬೇರೆ: ನಾಲ್ಕು ಗಂಟೆ ಮೀರಿ ಕೂತು ಪ್ರಯಾಣ ಮಾಡಿದರೆ ಕಾರು, ಬಸ್ಸು, ರೈಲು ಯಾವುದಾದರೂ ಅಪಾಯ ಸುಮಾರು ಎರಡರಷ್ಟು. ಗಾಯಾಳುವಿಗೆ ಅದು ಇನ್ನೂ ಹೆಚ್ಚು. ಹೀಗಾಗಿ ಎರಡು ಗಂಟೆಗೊಮ್ಮೆ ಇಳಿದು ನಾಲ್ಕು ಹೆಜ್ಜೆ ನಡೆಯಬೇಕು, ನೋವಾದರೂ. ಹಿಂದೆ ಪಕ್ಕೆಗೆ ಬಿಗಿಯಾಗಿ ಪಟ್ಟಿ ಸುತ್ತುತ್ತಿದ್ದರು. ಈಗ ಸುತ್ತುವುದಿಲ್ಲ. ನೋವಿಗೆ ಹೆದರಿ ಮೇಲುಮೇಲೆ ಉಸಿರಾಡಿದರೆ ಕಫ ಕೂತು ನ್ಯುಮೋನಿಯಾ ಆಗಬಹುದು. ಒಂದು ದಿಂಬನ್ನು ಎದೆಗೆ ಅವುಚಿಕೊಂಡು ಕೆಮ್ಮಿ ಎನ್ನುತ್ತಾರೆ. ಅಮೆರಿಕದ ಹೆದ್ದಾರಿಯಲ್ಲಿ ಹಂಪ್ ಇಲ್ಲ ಎಂಬುದೊಂದು ಸಮಾಧಾನ. ನಮ್ಮಲ್ಲಾದರೆ ಊರಿಗೆ ನಾಲ್ಕರಂತೆ ಬರುವ ಹಂಪುಗಳಿಗೆ ಆ ದಿಂಬು ಸಾಲದು.

ಜೆರಾಲ್ಡ್ ವಾಲೇಸ್ ಷಾರ್ಲಟ್ ಸೇರಿಕೊಂಡ. ಕೆಲವು ಪಂದ್ಯ ತಪ್ಪಿಸಿಕೊಂಡು ಅದೇ ಋತುವಿನಲ್ಲಿ ಅಂಗಳಕ್ಕೆ ಮರಳಿದ. 2010ರಲ್ಲಿ ಆಲ್‌ಸ್ಟಾರ್ ತಂಡಕ್ಕೂ ಆಯ್ಕೆಯಾದ. ಆಟದ ರೀತಿ ಬದಲಿಸಲಿಲ್ಲ. 'ಕ್ರ್ಯಾಶ್' ಎಂಬ ಹೆಸರೂ ಹಾಗೇ ಉಳಿಯಿತು.