ಗೇಣು ಆಳದ ಗಟ್ಟಿ ನೆಲ
ಮುಸುಕಿನ ಜೋಳದ ಬೇರು ಮತ್ತು ನಮ್ಮ ಕೆಂಪು ಮಣ್ಣು: ದತ್ತಿ ಉಪನ್ಯಾಸ



ಮುಸುಕಿನ ಜೋಳ ಸೊರಗಿದರೆ ನಾವು ಬೀಜವನ್ನು ಬೈಯುತ್ತೇವೆ, ಮಳೆಯನ್ನು ಬೈಯುತ್ತೇವೆ, ಇನ್ನೊಂದು ಮೂಟೆ ಯೂರಿಯಾ ತರುತ್ತೇವೆ. ಕಾಲಡಿಯ ಮಣ್ಣು ಅದುಮಿಹೋಗಿದೆಯೇ ಎಂದು ಅಗೆದು ನೋಡುವವರು ಕಡಿಮೆ. ಗೊಬ್ಬರ ಹೆಚ್ಚಿಸುವ ಮೊದಲು ನೆಲ ಅಗೆದು ನೋಡಿ ಎಂಬುದೇ ಈ ಉಪನ್ಯಾಸದ ತಿರುಳು.

ಒಳ್ಳೆಯ ಮಣ್ಣಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜಾಗ ಗಾಳಿ ಮತ್ತು ನೀರಿಗೆ ಮೀಸಲು. ಒಂದು ಘನ ಸೆಂಟಿಮೀಟರ್ ಒಣ ಮಣ್ಣು 1.3 ಗ್ರಾಂ ತೂಗಿದರೆ ಅದರಲ್ಲಿ ಶೇ 50ರಷ್ಟು ರಂಧ್ರಗಳಿರುತ್ತವೆ. 1.7 ಗ್ರಾಂ ತೂಗಿದರೆ ಉಳಿಯುವುದು ಶೇ 36 ಮಾತ್ರ. ಮೊದಲು ಮುಚ್ಚಿಹೋಗುವುದು ದೊಡ್ಡ ರಂಧ್ರಗಳು. ಮಳೆನೀರು ಇಳಿಯುವುದೂ ಬೇರು ಉಸಿರಾಡುವುದೂ ಅವುಗಳಿಂದಲೇ.

ವಿಜಯಪುರದ ಕಡೆಯ ಎರೆಭೂಮಿ ಬೇಸಿಗೆಯಲ್ಲಿ ಬಿರುಕು ಬಿಟ್ಟು ಒಂದಿಷ್ಟು ತಾನಾಗಿ ಸಡಿಲಗೊಳ್ಳುತ್ತದೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಕೆಂಪು ಮಣ್ಣಿಗೆ ಹಾಗೆ ಹಿಗ್ಗಿ ಕುಗ್ಗುವ ಗುಣವಿಲ್ಲ. ಒಣಗಿದರೆ ಇನ್ನಷ್ಟು ಬಿಗಿಯುತ್ತದೆ. ಇಲ್ಲಿ ಒಮ್ಮೆ ಅದುಮಿದ ನೆಲ ವರ್ಷಗಟ್ಟಲೆ ಹಾಗೇ ಉಳಿಯುತ್ತದೆ.

ಇಂಥ ಹೊಲದಲ್ಲಿ ತಿಂಗಳ ಪೈರಿನ ಪಕ್ಕ ಒಂದೂವರೆ ಅಡಿ ಗುಂಡಿ ತೆಗೆಯಿರಿ. ಮೇಲಿನ ಐದಾರು ಅಂಗುಲ ಪುಡಿಮಣ್ಣು. ಅದರ ಕೆಳಗೆ ಹಾರೆ ಠಣ್ ಎನ್ನುತ್ತದೆ. ಅಲ್ಲಿಯವರೆಗೆ ನೆಟ್ಟಗೆ ಇಳಿದ ಬೇರು ದಪ್ಪಗಾಗಿ, ಮೊಂಡಾಗಿ, ಅಡ್ಡಕ್ಕೆ ಹೊರಳಿರುತ್ತದೆ. ಇದು ಬರಿಯ ಬಲಾಬಲದ ಮಾತಲ್ಲ. ಬೇರಿನ ತುದಿ ಎಥಿಲೀನ್ ಎಂಬ ಅನಿಲವನ್ನು ಹೊರಬಿಡುತ್ತದೆ. ಸಡಿಲ ಮಣ್ಣಿನಲ್ಲಿ ಅದು ಹರಡಿಹೋಗುತ್ತದೆ. ಬಿಗಿ ಮಣ್ಣಿನಲ್ಲಿ ಬೇರಿನ ಸುತ್ತಲೇ ಉಳಿದು ಬೆಳವಣಿಗೆಯನ್ನು ತಡೆಯುತ್ತದೆ. ಭತ್ತವೂ ಸೇರಿದಂತೆ ಕೆಲವು ಸಸ್ಯಗಳ ಬೇರಿನಲ್ಲಿ ಕಂಡ ಈ ಸಂಗತಿ 2021ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಬೇರು ಮೇಲೆಯೇ ನಿಂತರೆ ಪೈರಿಗೆ ಎರಡೂ ಕಡೆಯಿಂದ ಪೆಟ್ಟು. ಜೋರು ಮಳೆಗೆ ನೀರು ನಿಂತು ಎಳೆಯ ಪೈರು ಹಳದಿಯಾಗುತ್ತದೆ. ಹಾಕಿದ ಸಾರಜನಕದಲ್ಲಿ ಒಂದು ಪಾಲು ಗಾಳಿಗೆ ಹೋಗುತ್ತದೆ. ರಂಜಕ ಸಿಗದೆ ಎಲೆ ನೇರಳೆಗೆ ತಿರುಗಬಹುದು. ಸೂಲಂಗಿ ಹೊರಟು ತೆನೆಯಲ್ಲಿ ರೇಷ್ಮೆಯೆಳೆ ಬರುವ ಹೊತ್ತಿಗೆ ಒಂದು ವಾರ ಮಳೆ ಕೈಕೊಟ್ಟರೆ, ಎರಡಡಿ ಕೆಳಗೆ ತೇವವಿದ್ದರೂ ಗಿಡಕ್ಕೆ ಎಟುಕುವುದಿಲ್ಲ. ತೆನೆಯ ತುದಿ ಕಾಳುಕಟ್ಟದೆ ಬರಿದಾಗುತ್ತದೆ.

ನೆಲ ಹೀಗೆ ಅದುಮಿಹೋಗುವುದು ಹೇಗೆ? ನಮ್ಮದು ಹೈನುಗಾರಿಕೆಯ ಸೀಮೆ. ಮೇವಿಗೆ ಬೆಳೆದ ಜೋಳವನ್ನು ಹಸಿರಾಗಿರುವಾಗಲೇ ಬುಡಸಮೇತ ಕೊಯ್ಯುತ್ತೇವೆ; ನೆಲಕ್ಕೆ ಬೀಳುವ ಕಸಕಡ್ಡಿ ಅತ್ಯಲ್ಪ. ಸೆಪ್ಟೆಂಬರ್, ಅಕ್ಟೋಬರಿನ ಮಳೆಯಲ್ಲಿ ತುಂಬಿದ ಟ್ರೇಲರನ್ನು ಹೊಲದೊಳಕ್ಕೇ ತರುತ್ತೇವೆ. ಒದ್ದೆ ಮಣ್ಣಿನ ಮೇಲೆ ಚಕ್ರದ ಮೊದಲ ಓಡಾಟವೇ ಹೆಚ್ಚಿನ ಹಾನಿ ಮಾಡಿಬಿಡುತ್ತದೆ. ವರ್ಷವರ್ಷವೂ ಒಂದೇ ಆಳಕ್ಕೆ ರೋಟಾವೇಟರ್ ಹೊಡೆದರೆ ಮೇಲೆ ಹುಡಿ, ಕೆಳಗೆ ಹಲಗೆಯಂಥ ಪದರ.

ಪರಿಹಾರ ಕಷ್ಟದ್ದಲ್ಲ. ಹಿರಿಯರು ಹದ ನೋಡಿ ಹರಗುತ್ತಿದ್ದರು. ಗೇಣು ಆಳದ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಹಿಸುಕಿ. ಉಂಡೆ ಪುಡಿಯಾಗದೆ ಅಂಟಿಕೊಂಡರೆ ಟ್ರ್ಯಾಕ್ಟರ್ ಬದುವಿನ ಆಚೆಯೇ ನಿಲ್ಲಲಿ. ಮೇವನ್ನು ಹೊರೆ ಹೊತ್ತು ತನ್ನಿ, ಇಲ್ಲವೇ ಗಾಡಿಗೆ ಒಂದೇ ಜಾಡು ಗೊತ್ತುಮಾಡಿ. ಗಟ್ಟಿ ಪದರ ಈಗಾಗಲೇ ಕೂತಿದ್ದರೆ ಬೇಸಿಗೆಯಲ್ಲಿ, ನೆಲ ಒಣಗಿರುವಾಗ ಚಿಸೆಲ್ ನೇಗಿಲಿನಿಂದ ಸೀಳಿಸಿ. ಹಸಿಯಲ್ಲಿ ಹೊಡೆದರೆ ಗೆರೆ ಬೀಳುತ್ತದೆ, ಪದರ ಒಡೆಯುವುದಿಲ್ಲ. ಸೀಳಿದ ನೆಲ ಮತ್ತೆ ಕೂರದಂತೆ ಕೊಟ್ಟಿಗೆ ಗೊಬ್ಬರ ಕೊಡಿ, ಸೆಣಬು ಬಿತ್ತಿ ಮಣ್ಣಿಗೆ ಸೇರಿಸಿ, ಒಂದು ವರ್ಷ ಆಳಕ್ಕೆ ಬೇರಿಳಿಸುವ ತೊಗರಿಗೆ ಜಾಗ ಬಿಡಿ.

ವಿದ್ಯಾರ್ಥಿಗಳಲ್ಲಿ ಒಂದು ಬೇಡಿಕೆ: ಹಳ್ಳಿಗೆ ಹೋದಾಗ ಮಣ್ಣು ಪರೀಕ್ಷೆಯ ಚೀಟಿಯ ಜೊತೆಗೆ ಗುದ್ದಲಿಯನ್ನೂ ಒಯ್ಯಿರಿ. ರೈತರಲ್ಲಿ ಇನ್ನೊಂದು: ಮುಂಗಾರಿಗೆ ಮುನ್ನ ಪ್ರತಿ ಹೊಲದಲ್ಲೂ ಒಂದು ಗುಂಡಿ ತೆಗೆದು ನೋಡಿ, ಸಂದೇಹವಿದ್ದರೆ ಹಾಡೋನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದ ತಜ್ಞರನ್ನು ಕೇಳಿ. ಗೊಬ್ಬರದ ಅಂಗಡಿಗೆ ಹೋಗುವುದು ಅದರ ಮೇಲಿನ ಮಾತು.