ಅಮೀನರ ಫೀ ಎಲ್ಲಿ ಕಟ್ಟಬೇಕು?



ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಅಂತ ಹಿರಿಯರು ಹೇಳ್ತಾರೆ. ಗೆದ್ದವರು ಸೋಲುವುದು ಹೇಗೆ? ಇವತ್ತು ಅದನ್ನೇ ಮಾತಾಡೋಣ.

ಎಮ್ಮೆ ಮಾರಿದ ಹಣವನ್ನು ನಾವು ಒಬ್ಬರಿಗೆ ಸಾಲ ಕೊಟ್ಟೆವು ಅಂತ ಇಟ್ಟುಕೊಳ್ಳಿ. ಅವರು ತೀರಿಸಲಿಲ್ಲ. ನಾವು ದಾವೆ ಹಾಕಿದೆವು. ಗೆದ್ದೆವು. 'ಹಣ ಕೊಡಬೇಕು' ಅಂತ ಡಿಕ್ರಿ ಆಯಿತು. ಆದರೆ ಡಿಕ್ರಿ ಬಂದ ಕೂಡಲೇ ಹಣ ಬರುವುದಿಲ್ಲ. ಎದುರಾಳಿ ಸುಮ್ಮನೆ ಕೂತರೆ ನಾವು ಮತ್ತೆ ಅರ್ಜಿ ಹಾಕಬೇಕು. ಇದಕ್ಕೆ ಅಮಲ್ಜಾರಿ ಅರ್ಜಿ ಅಂತಾರೆ. ಹಣದ ಡಿಕ್ರಿಗೆ ಈ ಅರ್ಜಿಯನ್ನು 12 ವರ್ಷದ ಒಳಗೆ ಹಾಕಬೇಕು.

ಆಗ ಕೋರ್ಟಿನ ಅಮೀನರು ನೋಟೀಸು ಕೊಡಲು, ಜಪ್ತಿ ಮಾಡಲು ಹೋಗುತ್ತಾರೆ. ಈ ಕೆಲಸಕ್ಕೆ ಫೀ ಉಂಟು. ಅದಕ್ಕೆ ಪ್ರೋಸೆಸ್ ಫೀ ಅಂತಾರೆ. ಅರ್ಜಿ ಹಾಕಿದವರೇ ಅದನ್ನು ಕಟ್ಟಬೇಕು. ಎಲ್ಲಿ ಕಟ್ಟಬೇಕು? ಅಮೀನರ ಕೈಗಲ್ಲ, ಕೋರ್ಟಿಗೆ. ಯಾವಾಗ? ಆದೇಶ ಕೋರ್ಟಿನಿಂದ ಹೊರಡುವ ಮೊದಲೇ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆ ಹೀಗೆ ಹೇಳುತ್ತದೆ.

ಅಂದರೆ ಅಮೀನರು ಕೆಲಸಕ್ಕೆ ಹೊರಡುವ ಹೊತ್ತಿಗೆ ಅವರ ಫೀ ಕಟ್ಟಿ ಆಗಿರುತ್ತದೆ. "ಬಸ್ ಚಾರ್ಜು ಕೊಡಮ್ಮಾ, ಕಾಫಿಗೆ ಕೊಡಮ್ಮಾ, ಇಲ್ಲದಿದ್ದರೆ ಮನೆಗೆ ಬೀಗ ಹಾಕಿತ್ತು ಅಂತ ಬರೀತೀನಿ" ಎಂದರೆ ಅದು ಫೀ ಅಲ್ಲ, ಲಂಚ. ಹೆದರುವುದು ಬೇಡ. ಆ ಕೋರ್ಟಿನ ನ್ಯಾಯಾಧೀಶರಿಗೆ ಬರೆದು ಕೊಡೋಣ. ಜಪ್ತಿ ಸಾಮಾನು ಸಾಗಿಸಲು ಬೇರೆ ಖರ್ಚು ಬರಬಹುದು. ಅದನ್ನೂ ಕೋರ್ಟಿನ ಲೆಕ್ಕಕ್ಕೆ ತಂದೇ ಕೊಡೋಣ. ಲೆಕ್ಕದಲ್ಲಿ ಇರುವ ಖರ್ಚನ್ನು ಎದುರಾಳಿಯಿಂದ ಕೊಡಿಸಿ ಅಂತ ಕೋರ್ಟನ್ನು ಕೇಳಬಹುದು. ಗುಟ್ಟಾಗಿ ಕೈಗೆ ಕೊಟ್ಟದ್ದು ಹೋದಂತೆಯೇ.

ಫೀ ಕಟ್ಟಲೂ ಹಣ ಇಲ್ಲವೇ? ಅದಕ್ಕೂ ದಾರಿ ಉಂಟು. 1987ರಲ್ಲಿ ಕಾನೂನು ಸೇವೆಗಳ ಪ್ರಾಧಿಕಾರದ ಕಾಯಿದೆ ಬಂತು. ಅದು 1995ರಿಂದ ಜಾರಿಯಲ್ಲಿದೆ. ಹೆಂಗಸರು ಅದರಲ್ಲಿ ಉಚಿತ ನೆರವು ಕೇಳಬಹುದು. ವರಮಾನ ಎಷ್ಟು ಅಂತ ನೋಡುವುದಿಲ್ಲ. ವಕೀಲರ ಫೀ, ಕೋರ್ಟ್ ಫೀ, ಪ್ರೋಸೆಸ್ ಫೀ ಎಲ್ಲವೂ ಈ ನೆರವಿನಲ್ಲಿ ಸೇರುತ್ತವೆ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಕೊಡಿ. 15100 ನಂಬರಿಗೆ ಫೋನು ಮಾಡಿಯೂ ಕೇಳಬಹುದು.

ಕೊನೆಗೆ ಒಂದು ಮಾತು. ಮೊದಲು ನಾವು ಹೆಬ್ಬೆಟ್ಟು ಒತ್ತುತ್ತಿದ್ದೆವು. ಕಾಗದದಲ್ಲಿ ಏನಿದೆ ಅಂತ ತಿಳಿಯುತ್ತಿರಲಿಲ್ಲ. ಈಗ ಓದಲು ಬರುತ್ತದೆ. ಯಾರು ಸಹಿ ಕೇಳಿದರೂ ಮೊದಲು ಕಾಗದ ಓದೋಣ. 'ಹಣ ಮುಟ್ಟಿದೆ' ಅಂತ ಬರೆದಿದೆಯೇ? ಹಾಗಾದರೆ ಹಣ ಎಣಿಸಿಕೊಂಡ ಮೇಲೆಯೇ ಸಹಿ.