ಕುಂಟುವ ಕುರಿಗೆ ಸರಿಯಾದ ಪರೀಕ್ಷೆ ಬೇಕು

(ವರ್ತೂರಿನ ದನಕುರಿ ಸಾಕುವವರ ಸಭೆಯಲ್ಲಿ ಮಾಡಿದ ಭಾಷಣ)



ವರ್ತೂರು ಕೆರೆಯ ಸುತ್ತ ಇಂದು ಗಾಜಿನ ಮಹಡಿಗಳೆದ್ದಿವೆ. ಆದರೂ ಎರಡು ಹಸು, ನಾಲ್ಕು ಕುರಿ ಕಟ್ಟಿಕೊಂಡು ಬಾಳುವವರು ನಮ್ಮಲ್ಲಿನ್ನೂ ಇದ್ದಾರೆ. ಅವರಿಗೆ ಕೊಟ್ಟಿಗೆಯೇ ಬ್ಯಾಂಕು. ಕುರಿ ಕುಂಟಿದರೆ ಸಂಸಾರವೂ ಕುಂಟುತ್ತದೆ.

ಕುಂಟುವುದೆಲ್ಲ ಒಂದೇ ರೋಗವಲ್ಲ. ಕಾಲುಬಾಯಿ ಜ್ವರ, ನೀಲಿನಾಲಿಗೆ ರೋಗ, ಇವೆರಡೂ ವೈರಸ್ಸಿನಿಂದ ಬರುವಂಥವು. ಬಾಯಲ್ಲೂ ಹುಣ್ಣು ಕಾಣುತ್ತದೆ. ಗೊರಸು ಕೊಳೆಯುವ ರೋಗವೇ ಬೇರೆ. ಬಾಯಿ ಶುದ್ಧವಾಗಿರುತ್ತದೆ, ಗೊರಸಿನ ಸಂದು ಕೆಂಪಾಗಿ, ದುರ್ವಾಸನೆ ಬಂದು, ಗೊರಸು ಬಿಟ್ಟುಕೊಳ್ಳುತ್ತದೆ. ಇದಕ್ಕೆ ಕಾರಣ ಡೈಕೆಲೊಬ್ಯಾಕ್ಟರ್ ನೊಡೋಸಸ್ ಎಂಬ ಬ್ಯಾಕ್ಟೀರಿಯ. 1941ರಲ್ಲಿ ಆಸ್ಟ್ರೇಲಿಯದಲ್ಲಿ ಬೆವರಿಡ್ಜ್ ಎಂಬ ವಿಜ್ಞಾನಿ ಇದನ್ನು ತೋರಿಸಿಕೊಟ್ಟರು. ಬ್ಯಾಕ್ಟೀರಿಯಕ್ಕೆ ಕೊಡುವ ಔಷಧಿ ವೈರಸ್ಸನ್ನು ಕೊಲ್ಲದು. ರೋಗ ತಿಳಿಯದೆ ಚುಚ್ಚುಮದ್ದು ಹಾಕಿಸಿದರೆ ಬಡವನ ಹಣ ನೀರಿಗೆ ಹೋಮ.

ತೊಡಕು ಪರೀಕ್ಷೆಯಲ್ಲಿದೆ. ಈ ಬ್ಯಾಕ್ಟೀರಿಯ ಗಾಳಿಯಲ್ಲಿ ಬೆಳೆಯದು. ಪ್ರಯೋಗಶಾಲೆಯಲ್ಲಿ ಬೆಳೆಸಿ ಗುರುತಿಸಲು ಹಲವು ದಿನ ಹಿಡಿಯುತ್ತದೆ. ಅಷ್ಟರಲ್ಲಿ ಕುರಿ ಸಂತೆಗೆ ಹೋಗಿ ಇನ್ನೊಂದು ಮಂದೆಗೆ ರೋಗ ಹಂಚಿರುತ್ತದೆ. ಪಿಸಿಆರ್ ಪರೀಕ್ಷೆ ಹಾಗಲ್ಲ. ಗೊರಸಿನ ಸಂದಿನಿಂದ ಹತ್ತಿಯಲ್ಲಿ ತೆಗೆದ ಮಾದರಿಯಲ್ಲಿ ರೋಗಾಣುವಿನ ವಂಶವಾಹಿಯನ್ನೇ ಗಂಟೆಗಳಲ್ಲಿ ಪತ್ತೆ ಹಚ್ಚುತ್ತದೆ. ಉಗ್ರ ತಳಿಯೋ ಸೌಮ್ಯ ತಳಿಯೋ ಎಂಬುದನ್ನೂ ಹೇಳಬಲ್ಲುದು. ಸ್ವಿಟ್ಜರ್ಲೆಂಡ್ 2024ರಲ್ಲಿ ಇದೇ ಪರೀಕ್ಷೆಯನ್ನು ನೆಚ್ಚಿ ದೇಶದ ಕುರಿಮಂದೆಗಳಲ್ಲಿ ಈ ರೋಗದ ನಿಯಂತ್ರಣ ಆರಂಭಿಸಿತು.

ನಮಗೇನು ಕೊರತೆ? ಹೆಬ್ಬಾಳದಲ್ಲಿ ಪಶುವೈದ್ಯ ಕಾಲೇಜಿದೆ, ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಿದೆ. ಯಲಹಂಕದಲ್ಲಿ ಪಶುರೋಗಗಳ ರಾಷ್ಟ್ರೀಯ ಸಂಸ್ಥೆಯಿದೆ. ಕೇಂದ್ರ ಸರ್ಕಾರ 2019ರಲ್ಲಿ ಕಾಲುಬಾಯಿ ಜ್ವರಕ್ಕೆ ಉಚಿತ ಲಸಿಕೆಯ ಕಾರ್ಯಕ್ರಮ ಹೂಡಿತು, ಒಳ್ಳೆಯದೇ. ಆದರೆ ಆ ಲಸಿಕೆ ಗೊರಸು ಕೊಳೆಯುವುದನ್ನು ತಡೆಯದು. ವಿಜ್ಞಾನ ಪ್ರಯೋಗಶಾಲೆಯಲ್ಲೇ ಉಳಿದರೆ ಕುರಿಗಾಹಿಗೇನು ಬಂತು?

ಆದುದರಿಂದ ನಮ್ಮ ಬೇಡಿಕೆ ಮೂರು. ಪಶು ಚಿಕಿತ್ಸಾಲಯದಲ್ಲೇ ಮಾದರಿ ತೆಗೆದು ಉಚಿತವಾಗಿ ಪರೀಕ್ಷಿಸಬೇಕು. ಫಲಿತಾಂಶ ಸಂತೆಗೆ ಮುಂಚೆ ಕೈಸೇರಬೇಕು. ಕೊಟ್ಟಿಗೆಯಲ್ಲೇ ಮಾಡಬಹುದಾದ ಅಗ್ಗದ ಪರೀಕ್ಷೆಗಾಗಿ ಸರ್ಕಾರ ಸಂಶೋಧನೆಗೆ ಹಣ ಕೊಡಬೇಕು.

ಅಲ್ಲಿಯವರೆಗೆ ನಾವು ಕೈಕಟ್ಟಿ ಕೂರಬೇಕಾಗಿಲ್ಲ. ಕುಂಟುವ ಕುರಿಯನ್ನು ಬೇರೆ ಕಟ್ಟೋಣ. ಕೆಸರು ಬಿಡಿಸಿ ಒಣನೆಲದಲ್ಲಿ ನಿಲ್ಲಿಸೋಣ. ಹೊಸದಾಗಿ ಕೊಂಡ ಕುರಿಯನ್ನು ಕೆಲವು ವಾರ ಮಂದೆಗೆ ಸೇರಿಸದಿರೋಣ. ಈ ರೋಗಾಣು ಮಣ್ಣಿನಲ್ಲಿ ಬಹುಕಾಲ ಬದುಕದು. ರೋಗದ ಗೊರಸಿನಲ್ಲಿ ತಿಂಗಳುಗಟ್ಟಲೆ ಅಡಗಿರುತ್ತದೆ. ಆ ಗೊರಸನ್ನು ಹುಡುಕಿಕೊಡುವ ಪರೀಕ್ಷೆಯನ್ನು ನಾವು ಕೇಳುತ್ತಿರುವುದು ದಾನವೆಂದಲ್ಲ, ಹಕ್ಕೆಂದು.